ಪೋರ್ಷೆ 924 ಕಾರಿನ ಕೆಳಗೆ ಪೋರ್ಷೆ 944ರ ಹಿಂದಿನ ಆಕ್ಸಲ್ ಕೂರಿಸುವುದು: ಮಾಡಿದವರು ಯಾರಾದರೂ ಇದ್ದೀರಾ?

ನೆಕ್ಕರ್‌ತೀರ (ಹೈಲ್‌ಬ್ರಾನ್, ಜರ್ಮನಿ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1979ರ ಪೋರ್ಷೆ 924 ಇದೆ. ಎರಡು ಲೀಟರಿನ ಸಾಮಾನ್ಯ ಎಂಜಿನ್, ನಾಲ್ಕು ರಂಧ್ರದ ಚಕ್ರಗಳು, ಹಿಂದೆ ಡ್ರಮ್ ಬ್ರೇಕ್. ಕಾರು ಜೋಡಣೆಯಾದ ನೆಕ್ಕರ್ಸುಲ್ಮ್ ಕಾರ್ಖಾನೆ ನಮ್ಮ ಮನೆಗೆ ಹತ್ತಿರದಲ್ಲೇ ಇದ್ದರೂ ಬಿಡಿಭಾಗಗಳಿಗಾಗಿ ದೇಶವೆಲ್ಲ ಅಲೆಯುವುದು ಮಾತ್ರ ತಪ್ಪಿಲ್ಲ.

ಈ ಚಳಿಗಾಲದಲ್ಲಿ ಹಿಂದಿನ ಆಕ್ಸಲನ್ನು ಹೇಗೂ ಇಳಿಸಲೇಬೇಕು. ಸ್ಪ್ರಿಂಗ್ ಪ್ಲೇಟ್‌ಗಳ (ಚಕ್ರದ ತೋಳನ್ನು ಸ್ಪ್ರಿಂಗಿಗೆ ಸೇರಿಸುವ ಉಕ್ಕಿನ ಪಟ್ಟಿಗಳ) ರಬ್ಬರ್ ಬುಷ್‌ಗಳು ಕುಸಿದು ಕಾರಿನ ಎಡಭಾಗ ತಗ್ಗಿದೆ, ಟಾರ್ಷನ್ ಟ್ಯೂಬಿನ (ತಿರುಚು ಸ್ಪ್ರಿಂಗಿನ ಸರಳುಗಳಿರುವ ಅಡ್ಡ ಕೊಳವೆಯ) ತುದಿಗಳಿಗೆ ತುಕ್ಕು ಹಿಡಿದಿದೆ. ಇದೇ ಹೊತ್ತಿಗೆ ಮುಂಭಾಗ ಜಜ್ಜಿಹೋದ 1984ರ 944 ಒಂದರ ಹಿಂದಿನ ಆಕ್ಸಲ್ ಇಡಿಯಾಗಿ ಸಿಕ್ಕಿದೆ: ಟಾರ್ಷನ್ ಟ್ಯೂಬ್, ಚಕ್ರ ಹಿಡಿಯುವ ತೋಳುಗಳಾದ ಉಕ್ಕಿನ ಟ್ರೇಲಿಂಗ್ ಆರ್ಮ್‌ಗಳು, ಸ್ಪ್ರಿಂಗ್ ಪ್ಲೇಟ್‌ಗಳು, ಡ್ರೈವ್ ಶಾಫ್ಟ್‌ಗಳು, ಡಿಸ್ಕ್ ಮತ್ತು ಕ್ಯಾಲಿಪರ್‌ಗಳು ಎಲ್ಲವೂ ಇವೆ. ಹಳೆಯದನ್ನು ಸರಿಪಡಿಸುವ ಬದಲು ಇದನ್ನೇ ಏರಿಸಿಬಿಟ್ಟರೆ ಡಿಸ್ಕ್ ಬ್ರೇಕೂ ಐದು ರಂಧ್ರದ ಚಕ್ರವೂ ಒಟ್ಟಿಗೆ ಬರುತ್ತವೆ ಎಂಬುದು ನನ್ನ ಲೆಕ್ಕ.

ಕೇಳಬೇಕಾದದ್ದು ಇಷ್ಟು. ಬಾಡಿಯ ರಂಧ್ರಗಳಿಗೆ ಇದು ನೇರವಾಗಿ ಕೂರುತ್ತದೆಯೇ? ಚಕ್ರಗಳು ಮಡ್‌ಗಾರ್ಡಿನಿಂದ ಹೊರಚಾಚುವುದಿಲ್ಲವೇ? ಮುಂದಿನ ಬ್ರೇಕನ್ನು ಇದ್ದಂತೆಯೇ ಬಿಡಬಹುದೇ? ಕೊನೆಯದಾಗಿ, ನನ್ನ ಕಾರಿಗೆ ಐತಿಹಾಸಿಕ ವಾಹನದ 'ಎಚ್' ನಂಬರ್ ಪ್ಲೇಟ್ ಇದೆ. ಅದಕ್ಕೆ ಕುತ್ತು ಬರುತ್ತದೆಯೇ?

ಹುಬ್ಬಳ್ಳಿ ಗೇರ್

924 ಮಾರಿ 944 ತೆಗೆದುಕೊಳ್ಳಿ. ಇದಕ್ಕಿಂತ ಅಗ್ಗವಾಗುತ್ತದೆ.

ಅಳತೆಪಟ್ಟಿ (ಬೆಂಗಳೂರು)

ಮೊದಲನೆಯ ಪ್ರಶ್ನೆಗೆ ಉತ್ತರ ಹೌದು. 944 ಎನ್ನುವುದು 924ರ ಒಡಲಿನ ಮೇಲೆಯೇ ಕಟ್ಟಿದ ಕಾರು. ಎರಡರ ವೀಲ್‌ಬೇಸೂ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2400 ಮಿ.ಮೀ., ಗೇರ್‌ಬಾಕ್ಸ್ ಎರಡರಲ್ಲೂ ಹಿಂದೆಯೇ ಇದೆ, ಟಾರ್ಷನ್ ಟ್ಯೂಬನ್ನು ಬಾಡಿಗೆ ಬಿಗಿಯುವ ಜಾಗಗಳೂ ಅವೇ.

ತೊಡಕಿರುವುದು ಅಗಲದಲ್ಲಿ. 924ರ ಹಿಂದಿನ ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ದೂರ) 1372 ಮಿ.ಮೀ., 944ರದು 1451 ಮಿ.ಮೀ. ಅಂದರೆ ಒಂದೊಂದು ಬದಿಗೆ ಹೆಚ್ಚುಕಡಿಮೆ 40 ಮಿ.ಮೀ. ಹೆಚ್ಚು. 944ಕ್ಕೆ ಉಬ್ಬಿದ ಮಡ್‌ಗಾರ್ಡುಗಳನ್ನು ಕೊಟ್ಟದ್ದು ಅಂದಕ್ಕಾಗಿ ಮಾತ್ರವಲ್ಲ. ನಿಮ್ಮ ಕಾರಿನ ಚಪ್ಪಟೆ ಪಕ್ಕಗಳೊಳಗೆ ಆ ಆಕ್ಸಲ್ ಹಿಡಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ದೇಸಾಯಿ (ಮಿಶಿಗನ್)

ಅಳತೆಪಟ್ಟಿಯವರು ಕೊಟ್ಟ ಅಂಕಿಗಳು ಸರಿ, ಆದರೆ ತೀರ್ಮಾನವನ್ನು ಒಪ್ಪಲಾರೆ. 1986ರಿಂದ 1988ರವರೆಗೆ ತಯಾರಾದ 924ಎಸ್ ಯಾವ ಕಾರು ಎಂಬುದನ್ನು ನೆನಪಿಸಿಕೊಳ್ಳಿ. 944ರ ಎರಡೂವರೆ ಲೀಟರ್ ಎಂಜಿನ್ನನ್ನೂ ಅದರ ಬ್ರೇಕು, ಸಸ್ಪೆನ್ಷನ್‌ಗಳನ್ನೂ 924ರ ಇದೇ ಕಿರಿದಾದ ಬಾಡಿಯೊಳಗೆ ಕಂಪನಿಯೇ ಕೂರಿಸಿ ಮಾರಿತು. ಪಕ್ಕಗಳನ್ನು ಉಬ್ಬಿಸಲಿಲ್ಲ, ಚಕ್ರಗಳನ್ನು ಒಳಕ್ಕೆ ಸರಿಸಿತು, ಅಷ್ಟೇ.

ಲೆಕ್ಕ ಹಾಕಿ ನೋಡಿ. ಮೊದಲ ವರ್ಷಗಳ 944ರ ಏಳು ಇಂಚು ಅಗಲದ ಚಕ್ರಗಳ ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಹೆಚ್ಚಿದಷ್ಟೂ ಚಕ್ರ ಒಳಕ್ಕೆ ಸರಿಯುತ್ತದೆ) 23.3 ಮಿ.ಮೀ., 1987ರಿಂದ ಬಂದ ಚಕ್ರಗಳದು 52.3 ಮಿ.ಮೀ. ವ್ಯತ್ಯಾಸ 29 ಮಿ.ಮೀ. 1451ರಿಂದ ಎರಡು ಬದಿಯ 58 ಮಿ.ಮೀ. ಕಳೆದರೆ 1393 ಬರುತ್ತದೆ. 924ಎಸ್‌ನ ಹಿಂದಿನ ಟ್ರ್ಯಾಕ್ ಎಷ್ಟು ಎಂದು ಕೋಷ್ಟಕದಲ್ಲಿ ನೋಡಿದರೆ ಅಲ್ಲಿಯೂ 1393 ಎಂದೇ ಇದೆ. ಆದ್ದರಿಂದ ನಮ್ಮ ಹೈಲ್‌ಬ್ರಾನಿನ ಗೆಳೆಯರು ಆರು ಇಂಚು ಅಗಲದ, ಹೆಚ್ಚು ಆಫ್‌ಸೆಟ್ ಇರುವ 924ಎಸ್ ಚಕ್ರಗಳನ್ನು 195/65 ಆರ್ 15 ಟೈರಿನೊಂದಿಗೆ ಹಾಕಿಕೊಂಡರೆ ಮಡ್‌ಗಾರ್ಡನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಅಳತೆಪಟ್ಟಿ

ಲೆಕ್ಕ ಚೊಕ್ಕಟವಾಗಿದೆ, ಒಪ್ಪಿದೆ. ಆದರೂ ಎರಡು ಮಾತು ಸೇರಿಸುತ್ತೇನೆ. 1393 ಎಂದರೆ ಮೂಲ 924ಕ್ಕಿಂತ ಇನ್ನೂ 21 ಮಿ.ಮೀ. ಹೆಚ್ಚೇ ಆಯಿತು, ಬದಿಗೆ ಹತ್ತು ಮಿ.ಮೀ.ಗೂ ಮೇಲೆ. 924ಎಸ್‌ನಲ್ಲಿ ಇದ್ದದ್ದು ಅಲ್ಯೂಮಿನಿಯಂ ಆರ್ಮ್‌ಗಳು. 944ಕ್ಕೆ ಅವು ಬಂದದ್ದು 1985ರ ನಡುವಿನಲ್ಲಿ. ಪ್ರಶ್ನೆ ಕೇಳಿದವರ ಬಳಿ ಇರುವುದು 1984ರ ಉಕ್ಕಿನ ಆರ್ಮ್. ಹಾಗಾಗಿ ಒಂದು ಚಕ್ರವನ್ನು ಯಾರಿಂದಲಾದರೂ ಎರವಲು ತಂದು, ಸಸ್ಪೆನ್ಷನ್ ಪೂರ್ತಿ ಮೇಲೇರಿದ ಸ್ಥಿತಿಯಲ್ಲಿ ಟೈರಿನ ಒಳಮುಖಕ್ಕೂ ಆರ್ಮಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂದು ಕಣ್ಣಾರೆ ನೋಡದೆ ನಾಲ್ಕು ಚಕ್ರಕ್ಕೆ ದುಡ್ಡು ಸುರಿಯಬೇಡಿ.

ಮೂಲರೂಪ

ಎಲ್ಲರೂ ಹೇಗೆ ಮಾಡುವುದು ಎಂದು ಹೇಳುತ್ತಿದ್ದೀರಿ. ಏಕೆ ಮಾಡಬೇಕು ಎಂದು ಒಬ್ಬರೂ ಕೇಳಲಿಲ್ಲ. 1080 ಕಿಲೋ ತೂಕ, 125 ಅಶ್ವಶಕ್ತಿ: ಈ ಕಾರಿಗೆ ಹಿಂದಿನ ಡ್ರಮ್ ಧಾರಾಳವಾಗಿ ಸಾಕು. ಬ್ರೇಕಿನ ಹೆಚ್ಚಿನ ಕೆಲಸ ಹೇಗೂ ಮುಂದಿನ ಚಕ್ರಗಳದ್ದೇ. ಮೊದಲ ವರ್ಷಗಳ 924ಗಳು ತುಕ್ಕಿಗೂ ಇಂಥ ಸುಧಾರಣೆಗಳಿಗೂ ಬಲಿಯಾಗಿಯೇ ಅಪರೂಪವಾಗಿವೆ. ಟ್ಯೂಬಿಗೆ ವೆಲ್ಡಿಂಗ್ ಮಾಡಿಸಿ, ಹೊಸ ಬುಷ್ ಹಾಕಿಸಿ, ಡ್ರಮ್ ಶೂಗಳನ್ನು ಬದಲಿಸಿ, ಬೇಸಿಗೆಯಲ್ಲಿ ಸುಖವಾಗಿ ಓಡಿಸಿ.

ಹುಬ್ಬಳ್ಳಿ ಗೇರ್

ಬೀಟಲ್ ಕಾರಿನ ಆಕ್ಸಲ್ ತೆಗೆದು ಇನ್ನೊಂದು ಬೀಟಲ್ ಆಕ್ಸಲ್ ಹಾಕುವುದಕ್ಕೆ ಇಷ್ಟೆಲ್ಲ ವಾದವೇ!

ಬೀಟಲ್ ರಾಯರು (ಮೈಸೂರು)

ಹುಬ್ಬಳ್ಳಿಯ ತಮ್ಮ ಹಾಸ್ಯಕ್ಕೆ ಹೇಳಿದ್ದರೂ ಮಾತಿನಲ್ಲಿ ಹುರುಳಿದೆ. 924ನ್ನು ಪೋರ್ಷೆಯವರು ಮೊದಲು ರೂಪಿಸಿದ್ದು ಫೋಕ್ಸ್‌ವ್ಯಾಗನ್‌ಗಾಗಿ. ಹಿಂದಿನ ಸೆಮಿ-ಟ್ರೇಲಿಂಗ್ ಆರ್ಮು, ಟಾರ್ಷನ್ ಬಾರು ಎಲ್ಲ ಬೀಟಲ್ ವಂಶದವೇ. ನಾನು ಪೋರ್ಷೆಯನ್ನು ಕೈಯಲ್ಲಿ ಮುಟ್ಟಿದವನಲ್ಲ, ಆದರೆ ಮೈಸೂರಿನಲ್ಲಿ ಬೀಟಲ್‌ಗಳ ಟಾರ್ಷನ್ ಬಾರ್ ಕೂರಿಸಿ ಕೂರಿಸಿ ಕೈ ಪಳಗಿದೆ. ಇಲ್ಲಿ ಯಾರೂ ಹೇಳದೆ ಬಿಟ್ಟ ನಿಜವಾದ ಕಷ್ಟ ಅಲ್ಲಿಯೇ ಇದೆ.

ಟಾರ್ಷನ್ ಬಾರ್ ಎಂದರೆ ಎರಡು ತುದಿಗೂ ಹಲ್ಲು ಕೊರೆದ ಉಕ್ಕಿನ ಸರಳು. ಒಳತುದಿ ಟ್ಯೂಬಿನ ನಡುವಿನಲ್ಲಿ ಕಚ್ಚಿಕೊಳ್ಳುತ್ತದೆ, ಹೊರತುದಿ ಸ್ಪ್ರಿಂಗ್ ಪ್ಲೇಟಿನಲ್ಲಿ. ಒಳಗೆ 40 ಹಲ್ಲು, ಹೊರಗೆ 44. ಒಳಗಿನ ಒಂದು ಹಲ್ಲು ತಿರುಗಿಸಿದರೆ ಪ್ಲೇಟ್ 9 ಡಿಗ್ರಿ ತಿರುಗುತ್ತದೆ. ಹೊರಗಿನ ಒಂದು ಹಲ್ಲಿಗೆ 8 ಡಿಗ್ರಿ 10 ಮಿನಿಟ್ (60 ಮಿನಿಟಿಗೆ ಒಂದು ಡಿಗ್ರಿ). ಒಳಗೆ ಒಂದು ಹಲ್ಲು ಮುಂದಕ್ಕೆ, ಹೊರಗೆ ಒಂದು ಹಲ್ಲು ಹಿಂದಕ್ಕೆ ಸರಿಸಿದರೆ ಉಳಿಯುವುದು 50 ಮಿನಿಟ್ ಮಾತ್ರ. ಪ್ಲೇಟಿನ ಉದ್ದವನ್ನು 40 ಸೆಂ.ಮೀ. ಎಂದು ಹಿಡಿದರೆ ತುದಿಯಲ್ಲಿ ಅದು 6 ಮಿ.ಮೀ.ನಷ್ಟಾಗುತ್ತದೆ. ಕಾರಿನ ಎತ್ತರವನ್ನು ಹೊಂದಿಸಿಕೊಳ್ಳಬೇಕಾದದ್ದು ಈ ಸಣ್ಣ ಹೆಜ್ಜೆಗಳಲ್ಲಿಯೇ.

ಆದ್ದರಿಂದ ಹಳೆಯ ಆಕ್ಸಲ್ ಬಿಚ್ಚುವ ಮೊದಲೇ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಬದಿಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ಬಾರುಗಳ ಮುಖದ ಮೇಲೆ ಎಡ, ಬಲ ಎಂಬ ಗುರುತು ಇರುತ್ತದೆ. ಅದಲು ಬದಲು ಮಾಡಲೇಬೇಡಿ. ತಯಾರಿಸುವಾಗಲೇ ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಚಿ ಹದ ಮಾಡಿರುತ್ತಾರೆ. ಬಾರಿನ ಮೇಲಿನ ಬಣ್ಣ ಕೆತ್ತಿಹೋಗಿದ್ದರೆ ಹಾಗೆಯೇ ತುರುಕಬೇಡಿ, ಗೀರಿನಲ್ಲಿ ಶುರುವಾದ ತುಕ್ಕು ಬಾರನ್ನು ಮುರಿಯಬಲ್ಲದು. ಹಲ್ಲುಗಳಿಗೆ ಗ್ರೀಸ್ ಸವರಿ.

ಇನ್ನೊಂದು ಎಚ್ಚರಿಕೆ. ಸ್ಪ್ರಿಂಗ್ ಪ್ಲೇಟನ್ನು ತಡೆಗಟ್ಟೆಯಿಂದ ಎತ್ತಿ ಕಳಚುವ ಕ್ಷಣದಲ್ಲಿ ಅದರ ಹಿಂದೆ ಇಡೀ ಬಾರಿನ ಬಿಗುವು ಇರುತ್ತದೆ. ಪ್ಲೇಟಿಗೆ ಸರಪಳಿ ಕಟ್ಟಿ, ಅಡಿಗೆ ಜಾಕಿ ಕೊಟ್ಟು, ಮೆಲ್ಲಗೆ ಇಳಿಸಿ. ಮುಖವನ್ನು ಅದರ ಸಾಲಿನಲ್ಲಿ ಇಡಬೇಡಿ.

ನೆಕ್ಕರ್‌ತೀರ

ರಾಯರೆ, ತುಂಬ ಉಪಕಾರವಾಯಿತು. ಒಂದು ಸಂಶಯ: 944ರಲ್ಲಿ ಇದ್ದ ಕೋನದಲ್ಲಿಯೇ ಬಾರುಗಳನ್ನು ಬಿಟ್ಟು, ಆಕ್ಸಲನ್ನು ಬಿಚ್ಚದೆ ಹಾಗೆಯೇ ಏರಿಸಿದರೆ ಆಗದೇ?

ಬೀಟಲ್ ರಾಯರು

ಏರಿಸಬಹುದು, ಆದರೆ ಎತ್ತರ ಸರಿಹೋಗುವುದು ಅದೃಷ್ಟದ ಮಾತು. ನಿಮ್ಮ ಕಾರು 944ಕ್ಕಿಂತ ಸುಮಾರು ನೂರು ಕಿಲೋ ಹಗುರ. ಅದೇ ಕೋನದಲ್ಲಿ ಬಿಟ್ಟರೆ ಹಿಂಭಾಗ ಎದ್ದು ನಿಲ್ಲುವ ಸಂಭವವೇ ಹೆಚ್ಚು. ಅದಲ್ಲದೆ, ಬುಷ್ ಹಳೆಯದೇ ಉಳಿದರೆ ನೀವು ಆಕ್ಸಲ್ ಇಳಿಸಿದ ಉದ್ದೇಶವೇ ಹಾಳಾಗುತ್ತದೆ.

ಅಳತೆಪಟ್ಟಿ

ರಾಯರ ಮಾತಿಗೆ ಒಂದು ಪೂರಕ. 944ರ ಸ್ಪ್ರಿಂಗ್ ಪ್ಲೇಟ್ ಎರಡು ತುಂಡಿನದು. ನಡುವೆ ಎಕ್ಸೆಂಟ್ರಿಕ್ (ಕೇಂದ್ರ ತಪ್ಪಿಸಿದ) ಬೋಲ್ಟ್ ಇದೆ. ಅದರಿಂದ ಹಲ್ಲು ಬದಲಿಸದೆಯೂ ಎತ್ತರವನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು. ಆದುದರಿಂದ ಜೋಡಿಸುವಾಗ ಎಕ್ಸೆಂಟ್ರಿಕ್ಕನ್ನು ಅದರ ವ್ಯಾಪ್ತಿಯ ನಡುವಿನಲ್ಲಿ ನಿಲ್ಲಿಸಿ, ಆಮೇಲೆ ಹಲ್ಲುಗಳಲ್ಲಿ ಹೊಂದಿಸಿದರೆ ಕೊನೆಯ ತಿದ್ದುಪಡಿಗೆ ಎರಡೂ ಕಡೆ ಜಾಗ ಉಳಿಯುತ್ತದೆ. ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ) ಮತ್ತು ಕ್ಯಾಂಬರ್ (ಚಕ್ರ ಬದಿಗೆ ವಾಲಿರುವ ಕೋನ) ಹೊಂದಿಸುವುದು ಪ್ಲೇಟು ಆರ್ಮಿಗೆ ಸೇರುವ ಕಡೆಯ ಉದ್ದನೆಯ ರಂಧ್ರಗಳಲ್ಲಿ. ಅಲ್ಲಿ ಹಳೆಯ ಬೋಲ್ಟಿನ ಅಚ್ಚು ಕಾಣಿಸುತ್ತದೆ, ತೆಗೆಯುವ ಮೊದಲು ಮೊನಚಾದ ಸೂಜಿಯಿಂದ ಗೀರಿಟ್ಟುಕೊಳ್ಳಿ. ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೆಟ್ಟಗೆ ಓಡಿದರೆ ಸಾಕು.

ತುಂಗಾಪಾನ (ಸ್ಟುಟ್‌ಗಾರ್ಟ್)

ಟಾರ್ಷನ್ ಬಾರ್ ವಿಷಯ ಬಂದದ್ದರಿಂದ ಕೇಳುತ್ತೇನೆ: ಇದೇ ಸಮಯದಲ್ಲಿ ದಪ್ಪ ಬಾರ್ ಹಾಕಿಬಿಡುವುದು ಒಳ್ಳೆಯದಲ್ಲವೇ? 944 ಟರ್ಬೊ ಎಸ್‌ನ 25.5 ಮಿ.ಮೀ. ಬಾರುಗಳು ನಮ್ಮೂರಿನಲ್ಲಿ ಒಬ್ಬರ ಬಳಿ ಇವೆ.

ಅಳತೆಪಟ್ಟಿ

ಬೇಡ. ಬಾರಿನ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಸಾಮಾನ್ಯ 944ರ 23.5 ಮಿ.ಮೀ. ಬಾರಿನಿಂದ 25.5ಕ್ಕೆ ಹೋದರೆ ವ್ಯಾಸ ಹೆಚ್ಚುವುದು ಬರೀ 2 ಮಿ.ಮೀ., ಬಿಗುವು ಹೆಚ್ಚುವುದು ಶೇ. 38ಕ್ಕೂ ಮೇಲೆ. ಮುಂದಿನ ಸ್ಪ್ರಿಂಗುಗಳು ಹಳೆಯವೇ ಆಗಿ, ಹಿಂಭಾಗ ಮಾತ್ರ ಇಷ್ಟು ಬಿಗಿಯಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಹಿಂದಿನ ಚಕ್ರಗಳು ಹೊರಕ್ಕೆ ಜಾರುತ್ತವೆ. ಸೆಮಿ-ಟ್ರೇಲಿಂಗ್ ಆರ್ಮಿಗೆ ಆ ಚಾಳಿ ಮೊದಲೇ ಇದೆ, ಅದಕ್ಕೆ ನೀರೆರೆಯುವುದು ಬೇಡ.

ಮಾಲಿನಿ (ಮ್ಯೂನಿಕ್)

ಕಾಗದಪತ್ರದ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ದಿನನಿತ್ಯದ ಕೆಲಸವೇ ವಾಹನ ಅನುಮೋದನೆಗೆ ಸಂಬಂಧಿಸಿದ್ದು.

ಜರ್ಮನಿಯಲ್ಲಿ ಆಕ್ಸಲು, ಬ್ರೇಕು ಬದಲಿಸಿ ಸುಮ್ಮನೆ ಓಡಿಸುವಂತಿಲ್ಲ. ರಸ್ತೆ ವಾಹನ ನಿಯಮಾವಳಿಯ 19ನೆಯ ಕಲಮಿನ ಪ್ರಕಾರ, ಅಪಾಯಕ್ಕೆ ಎಡೆಮಾಡಬಹುದಾದ ಬದಲಾವಣೆ ಮಾಡಿದರೆ ವಾಹನದ ಓಡಾಟದ ಅನುಮತಿಯೇ ರದ್ದಾಗುತ್ತದೆ. ಮತ್ತೆ ಸಿಗಬೇಕಾದರೆ 21ನೆಯ ಕಲಮಿನಡಿ ಪರಿಣತರು ಆ ಒಂದು ವಾಹನವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಆಕ್ಸಲ್ ಏರಿಸಿದ ಮೇಲೆ ಹೋಗಿ ಕೇಳುವುದಲ್ಲ, ಏರಿಸುವ ಮೊದಲೇ ಹೋಗಿ ಮಾತಾಡಿ. ಯಾವ ಭಾಗ, ಯಾವ ಮಾದರಿಯದು, ಭಾಗದ ಸಂಖ್ಯೆ ಏನು, ಯಾವ ಚಕ್ರ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಪರಿಣತರು ಅರ್ಧ ದಾರಿ ಎದುರು ಬರುತ್ತಾರೆ.

'ಎಚ್' ಪ್ಲೇಟಿಗೆ ಇದರಿಂದ ತಾನಾಗಿ ಕುತ್ತು ಬರುವುದಿಲ್ಲ. ವಾಹನ ಮೊದಲ ಬಾರಿ ನೋಂದಣಿಯಾಗಿ ಕನಿಷ್ಠ 30 ವರ್ಷವಾಗಿರಬೇಕು, ಸ್ಥಿತಿ ಚೆನ್ನಾಗಿರಬೇಕು, ಬದಲಾವಣೆಗಳು ಆ ಕಾಲಕ್ಕೆ ಒಪ್ಪುವಂಥವಾಗಿರಬೇಕು ಎಂಬುದು ಮುಖ್ಯ ನಿಯಮ. ನೋಂದಣಿಯಾದ ಮೊದಲ ಹತ್ತು ವರ್ಷಗಳಲ್ಲಿ ಮಾಡಿದ, ಅಥವಾ ಮಾಡಬಹುದಾಗಿದ್ದ ಬದಲಾವಣೆಯಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 1979ರ ಕಾರಿಗೆ 1984ರ ಭಾಗ ಆ ಹತ್ತು ವರ್ಷದೊಳಗೇ ಬರುತ್ತದೆ.

ಮೂಲರೂಪ

ನಿಯಮ ಒಪ್ಪುತ್ತದೆ ಎಂದ ಮಾತ್ರಕ್ಕೆ ಕಾರಿನ ಚರಿತ್ರೆ ಒಪ್ಪುತ್ತದೆಯೇ? ನಾಳೆ ಕೊಳ್ಳುವವನು ಡ್ರಮ್ ಇರುವ 924 ಹುಡುಕುತ್ತಾನೆ, ಕಲಬೆರಕೆಯನ್ನಲ್ಲ.

ದೇಸಾಯಿ

ಡ್ರಮ್ ಇರುವ 924ನ್ನು ಹುಡುಕಿಕೊಂಡು ಬರುವವನನ್ನು ನಾನು ಇನ್ನೂ ಕಂಡಿಲ್ಲ, ಬಂದರೆ ನನಗೂ ಪರಿಚಯ ಮಾಡಿಸಿ.

ಚರಿತ್ರೆಯ ಮಾತಿಗೆ ಬರುವುದಾದರೆ, ಸಾಮಾನ್ಯ ಎಂಜಿನ್ನಿನ 924ಕ್ಕೆ ನಾಲ್ಕು ಡಿಸ್ಕು, ಐದು ರಂಧ್ರದ ಚಕ್ರಗಳನ್ನು ಕಂಪನಿಯೇ ಕೊಟ್ಟದ್ದುಂಟು. ಇಲ್ಲಿ ಅಮೆರಿಕದಲ್ಲಿ ಎಂ471 ಎಂಬ ಐಚ್ಛಿಕ ಕಟ್ಟಿನಲ್ಲಿ ಬಂದ ಕಾರುಗಳಲ್ಲಿ 924 ಟರ್ಬೊದ ಬ್ರೇಕುಗಳೇ ಇವೆ. ಮಾಲಿನಿಯವರು ಹೇಳಿದ ಹಾಳೆಯಲ್ಲಿ ಇದನ್ನೂ 924ಎಸ್‌ನ ವಿಷಯವನ್ನೂ ಬರೆದುಕೊಂಡು ಹೋಗಿ. ಪರಿಣತರಿಗೆ ಕಂಪನಿಯ ಮಾದರಿಯೇ ಕಣ್ಣ ಮುಂದಿದ್ದರೆ ಕೆಲಸ ಹಗುರಾಗುತ್ತದೆ.

ಮೂಲರೂಪ

ಎಂ471 ಎಂದರೆ ಟರ್ಬೊದ ಭಾಗ, 944ರದ್ದಲ್ಲ. ಅಷ್ಟು ಚರಿತ್ರೆಯ ಕಾಳಜಿ ಇದ್ದರೆ 924 ಟರ್ಬೊ ಆಕ್ಸಲನ್ನೇ ಹುಡುಕಲಿ.

ದೇಸಾಯಿ

ಸಿಕ್ಕರೆ ಅದು ನಿಜಕ್ಕೂ ಉತ್ತಮ ಆಯ್ಕೆ. ಇದರಲ್ಲಿ ನಿಮ್ಮೊಡನೆ ಜಗಳವಿಲ್ಲ. ಆದರೆ ಟರ್ಬೊದ ಭಾಗಗಳು ವಿರಳ, ಬೆಲೆಯೂ ಮೇಲೆ. ಅವರ ಶೆಡ್ಡಿನಲ್ಲಿ ಈಗ ಇರುವುದು 944ರದು.

ಮಾಲಿನಿ

ಇಬ್ಬರೂ ಮುಂದಿನ ಬ್ರೇಕಿನ ಪ್ರಶ್ನೆಯನ್ನು ಮರೆತಿರಿ. ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸಿದ್ದು ಅದೇ.

ಹಿಂದೆ 944ರ ಡಿಸ್ಕ್ ಹಾಕಿ, ಮುಂದೆ 924ರ ಗಾಳಿಕಿಂಡಿಯಿಲ್ಲದ ತೆಳು ಡಿಸ್ಕ್ ಹಾಗೆಯೇ ಬಿಟ್ಟರೆ ಒತ್ತಡದ ಹಂಚಿಕೆ ಏರುಪೇರಾಗುತ್ತದೆ. ಜೋರಾಗಿ ತುಳಿದಾಗ ಮುಂದಿನ ಚಕ್ರಗಳೇ ಮೊದಲು ಕಚ್ಚಿ ನಿಲ್ಲಬೇಕು. ಹಿಂದಿನವು ಮೊದಲು ಕಚ್ಚಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಪರಿಣತರು ಬ್ರೇಕನ್ನು ರೋಲರ್ ಮೇಲೆ ಪರೀಕ್ಷಿಸಿದಾಗ ಈ ಹಂಚಿಕೆ ಅಂಕಿಗಳಲ್ಲಿ ಕಾಣುತ್ತದೆ. ಆದ್ದರಿಂದ ಮುಂದಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ), ಹಬ್, ಕ್ಯಾಲಿಪರ್, ಡಿಸ್ಕ್, ಮಾಸ್ಟರ್ ಸಿಲಿಂಡರ್, ಬೂಸ್ಟರ್, ಹಿಂದಿನ ಒತ್ತಡ ನಿಯಂತ್ರಕ ಇವೆಲ್ಲ ಒಂದೇ ಮಾದರಿಯ 944ರಿಂದ ಒಂದು ಜೊತೆಯಾಗಿ ಬರಬೇಕು. 944ಕ್ಕೆ ನಾಲ್ಕೂ ಕಡೆ ಗಾಳಿಕಿಂಡಿಯ ಡಿಸ್ಕ್ ಇದೆ. ಕಂಪನಿ ಲೆಕ್ಕ ಹಾಕಿದ ಸಮತೋಲನ ಆ ಜೊತೆಗೆ ಮಾತ್ರ ಅನ್ವಯಿಸುತ್ತದೆ.

ಹುಬ್ಬಳ್ಳಿ ಗೇರ್

ಮುಂದೆ ನಾಲ್ಕು ರಂಧ್ರ, ಹಿಂದೆ ಐದು ರಂಧ್ರ ಇಟ್ಟುಕೊಂಡರೆ ಸ್ಟೆಪ್ನಿಯನ್ನೂ ಎರಡು ಹೊತ್ತು ತಿರುಗಬೇಕಾಗುತ್ತದೆ.

ಅಳತೆಪಟ್ಟಿ

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಒಂದರ ಬೋಲ್ಟ್ ರಂಧ್ರಗಳ ವೃತ್ತದ ವ್ಯಾಸ 108 ಮಿ.ಮೀ., ಇನ್ನೊಂದರದು 130.

ತುಂಗಾಪಾನ

ಡ್ರೈವ್ ಶಾಫ್ಟ್ ಬಗ್ಗೆ ಒಂದು ಮಾತು. ನೆಕ್ಕರ್‌ತೀರದವರು ತಮ್ಮ 924ರ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೇನೆ. ಶಾಫ್ಟಿನ ಹೊರತುದಿ 944ರ ಹಬ್ಬಿಗೆ ಹೊಂದಬೇಕು, ಒಳತುದಿ 924ರ ಗೇರ್‌ಬಾಕ್ಸಿನ ಫ್ಲ್ಯಾಂಜಿಗೆ (ಬೋಲ್ಟ್ ಬಿಗಿಯುವ ದುಂಡು ತಟ್ಟೆಗೆ). ಈ ಸಾಲಿನ ಕಾರುಗಳಲ್ಲಿ ಜಾಯಿಂಟುಗಳ ವ್ಯಾಸ ಎಲ್ಲ ವರ್ಷಗಳಲ್ಲೂ ಒಂದೇ ಅಲ್ಲ. ಫ್ಲ್ಯಾಂಜಿನ ವ್ಯಾಸ, ಬೋಲ್ಟುಗಳ ವೃತ್ತ, ಶಾಫ್ಟಿನ ಉದ್ದ ಮೂರನ್ನೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ನೋಡಿ. ಬೋಲ್ಟಿನ ತಲೆಯೊಳಗೆ ತುಂಬಿದ ಗ್ರೀಸು, ಮಣ್ಣನ್ನು ಸೂಜಿಯಿಂದ ಪೂರ್ತಿ ಕೆದಕಿ ತೆಗೆದ ಮೇಲೆಯೇ ಕೀಲಿ ಹಾಕಿ, ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟು ಕೂರಿಸಿ. ಇಲ್ಲದಿದ್ದರೆ ಒಳಗಿನ ಹಲ್ಲು ಸವೆದು, ಒಂದು ಬೋಲ್ಟಿಗಾಗಿ ಇಡೀ ಭಾನುವಾರ ಕಳೆಯುತ್ತೀರಿ.

ಹಿಂದಿನ ಹಬ್ ನಟ್ ಬಿಗಿಸಲು 460 ನ್ಯೂಟನ್ ಮೀಟರ್ ಬೇಕು. ಮನೆಯ ಟಾರ್ಕ್ ರೆಂಚ್ ಅಲ್ಲಿಗೆ ಮುಟ್ಟುವುದಿಲ್ಲ. ಲಾರಿ ರಿಪೇರಿ ಮಾಡುವವರ ಬಳಿ ದೊಡ್ಡದು ಸಿಗುತ್ತದೆ. ಬೇರಿಂಗ್ ಬದಲಿಸುವುದಿದ್ದರೆ ಆಕ್ಸಲ್ ನೆಲದ ಮೇಲಿರುವಾಗಲೇ ಬದಲಿಸಿ, ಆದರೆ ಈ ನಟ್ಟಿನ ಕೊನೆಯ ಬಿಗಿತವನ್ನು ಮಾತ್ರ ಕಾರು ಚಕ್ರದ ಮೇಲೆ ನಿಂತ ನಂತರ ಕೊಡಿ.

ನೆಕ್ಕರ್‌ತೀರ

ಹೌದು, ಗೇರ್‌ಬಾಕ್ಸ್ ಹಳೆಯದೇ. ಇವತ್ತು ಅಳೆದು ನೋಡಿದೆ: ಒಳತುದಿಯ ಬೋಲ್ಟ್ ವೃತ್ತ ಹೊಂದುತ್ತಿಲ್ಲ. ಹಾಗಾದರೆ ಮುಂದೇನು?

ದೇಸಾಯಿ

ದಾರಿ ಎರಡು. ನಿಮ್ಮ ಗೇರ್‌ಬಾಕ್ಸಿಗೆ ಕೂರುವ, 944ರ ಜಾಯಿಂಟಿಗೆ ಹೊಂದುವ ಫ್ಲ್ಯಾಂಜುಗಳು ಅದೇ ಕುಟುಂಬದ ಬೇರೆ ಗೇರ್‌ಬಾಕ್ಸಿನಿಂದ ಸಿಗುತ್ತವೆಯೇ ಎಂದು ಭಾಗದ ಸಂಖ್ಯೆ ಹಿಡಿದು ಹುಡುಕುವುದು ಒಂದು. ಶಾಫ್ಟ್ ತಯಾರಿಸುವ ಕಾರ್ಯಾಗಾರದಲ್ಲಿ ಒಂದು ತುದಿಗೆ ಒಂದು ಜಾಯಿಂಟ್, ಇನ್ನೊಂದು ತುದಿಗೆ ಇನ್ನೊಂದು ಜಾಯಿಂಟ್ ಹಾಕಿಸಿ ಹೊಸ ಶಾಫ್ಟ್ ಮಾಡಿಸುವುದು ಇನ್ನೊಂದು. ಫ್ಲ್ಯಾಂಜಿನಲ್ಲಿ ಹೊಸ ರಂಧ್ರ ಕೊರೆಯುವ ಆಲೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಮೂಲರೂಪ

ಆಕ್ಸಲ್ ಒಂದು, ಮುಂದಿನ ಸ್ಟ್ರಟ್, ಬೂಸ್ಟರ್, ಚಕ್ರ ನಾಲ್ಕು, ಶಾಫ್ಟ್ ಎರಡು, ಪರಿಣತರ ಶುಲ್ಕ. ಮೊದಲ ಉತ್ತರ ಬರೆದ ಹುಬ್ಬಳ್ಳಿಯವರ ಲೆಕ್ಕ ಈಗ ಸರಿ ಅನ್ನಿಸುತ್ತಿಲ್ಲವೇ?

ಹುಬ್ಬಳ್ಳಿ ಗೇರ್

ನನ್ನ ಮಾತನ್ನು ನೀವಾದರೂ ಕೇಳಿದಿರಲ್ಲ!

ನೆಕ್ಕರ್‌ತೀರ

ದುಡ್ಡಿನ ಲೆಕ್ಕದಲ್ಲಿ ನೀವಿಬ್ಬರೂ ಗೆದ್ದಿರಿ, ಒಪ್ಪುತ್ತೇನೆ. ಆದರೂ ಕಾರು ಕೊಡುವುದಿಲ್ಲ. ಚಪ್ಪಟೆ ಪಕ್ಕದ ಆ ಆಕಾರವೇ ನನಗೆ ಬೇಕಾದದ್ದು, 944 ಬೇರೆಯವರಿಗಿರಲಿ.

ಹೀಗೆ ಮಾಡಬೇಕೆಂದಿದ್ದೇನೆ. ಮುಂದಿನ ವಾರ ಪರಿಣತರನ್ನು ಕಂಡು ಬರುತ್ತೇನೆ. ಅವರು ಒಪ್ಪಿದರೆ ಮುಂದಿನ ಭಾಗವನ್ನೂ ಅದೇ 944ರ ಒಡೆಯರಿಂದ ತರುತ್ತೇನೆ. ಮುಂಭಾಗದಲ್ಲಿ ಜಜ್ಜಿದ್ದು ಬಲಬದಿಯಾದ್ದರಿಂದ ಬಲಗಡೆಯ ಸ್ಟ್ರಟ್ ಮಾತ್ರ ಬೇರೆ ಹುಡುಕಬೇಕು. ಅವರು ಒಪ್ಪದಿದ್ದರೆ ಮೂಲರೂಪದವರು ಹೇಳಿದಂತೆ ಹಳೆಯ ಟ್ಯೂಬಿಗೇ ತೇಪೆ.

ರಾಯರೆ, ಟ್ಯೂಬನ್ನು ಕಾರಿನ ಒಡಲಿಗೆ ಹಿಡಿದಿರುವ ಬೋಲ್ಟುಗಳು ಒಂದೂ ಅಲುಗುತ್ತಿಲ್ಲ. ಗ್ಯಾಸಿನ ಬೆಂಕಿ ಕೊಡಬಹುದೇ?

ಬೀಟಲ್ ರಾಯರು

ಪೆಟ್ರೋಲ್ ಟ್ಯಾಂಕು ಅಲ್ಲೇ ಪಕ್ಕದಲ್ಲಿರುವಾಗ ಬೆಂಕಿಯ ಮಾತೇ ಬೇಡ. ತುಕ್ಕು ಬಿಡಿಸುವ ಎಣ್ಣೆಯನ್ನು ದಿನವೂ ಬಿಟ್ಟು ನೆನೆಸಿ, ಮೊದಲು ತುಸು ಬಿಗಿಯುವ ಕಡೆಗೆ ತಿರುಗಿಸಿ ನೋಡಿ, ಆಮೇಲೆ ಬಿಚ್ಚುವ ಕಡೆಗೆ. ಕಾಯಿಸಲೇಬೇಕಾದರೆ ಜ್ವಾಲೆಯಿಲ್ಲದ, ವಿದ್ಯುತ್ತಿನ ಸುರುಳಿ ಹೀಟರ್ ಬಾಡಿಗೆಗೆ ತನ್ನಿ, ಅದೂ ಟ್ಯಾಂಕ್ ಇಳಿಸಿದ ಮೇಲೆ.

ಮೂಲರೂಪ

ಪರಿಣತರು ಒಪ್ಪಿದರೆ ನಿಮ್ಮ ಡ್ರಮ್ ಆಕ್ಸಲನ್ನು ಗುಜರಿಗೆ ಹಾಕಬೇಡಿ. ಡ್ರಮ್ಮು, ಆರ್ಮು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲ ನಾನು ತೆಗೆದುಕೊಳ್ಳುತ್ತೇನೆ. ಸಾಗಣೆಯ ಖರ್ಚು ನನ್ನದು.

ನೆಕ್ಕರ್‌ತೀರ

ನಾಲ್ಕು ರಂಧ್ರದ ಚಕ್ರಗಳೂ ಬೇಕೆ? ಐದಿವೆ, ಸ್ಟೆಪ್ನಿ ಸೇರಿ.

ಮೂಲರೂಪ

ಕಳಿಸಿ.